ಅಕ್ಕಿಕಾಳು ಮತ್ತು ಎರಡನೆಯ ಫ್ಲ್ಯಾಶು

ನಾನು ಹುಟ್ಟಾ ಅಂಜುಬುರುಕ. ಶಿಗ್ಗಾಂವದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಸುತ್ತಲಿನ ಊರುಗಳ ಮದುವೆಗಳಿಗೆ ಕ್ಯಾಮೆರಾ ಹೊತ್ತು ತಿರುಗಿದ ವರ್ಷಗಳಲ್ಲೆಲ್ಲ ನನ್ನ ಪುಕುಪುಕು ನಿಂತದ್ದೇ ಇಲ್ಲ. ರೀಲು ಸುತ್ತಿಕೊಂಡಿದೆಯೋ ಇಲ್ಲವೋ, ಫ್ಲ್ಯಾಶು ಹೊತ್ತೀತೋ ಇಲ್ಲವೋ. ತಾಳಿ ಕಟ್ಟುವುದು ಒಂದೇ ಸಲ. ಬಿಚ್ಚಿ ಇನ್ನೊಮ್ಮೆ ಕಟ್ಟಪ್ಪ ಎಂದು ಯಾವ ಮದುಮಗನಿಗೂ ಹೇಳುವಂತಿಲ್ಲ.

ಕ್ಯಾಮೆರಾದ ತಲೆಯ ಮೇಲೆ ಕೂತ ಒಂದೇ ಫ್ಲ್ಯಾಶಿನಿಂದ ತೆಗೆದರೆ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದಿನ ಗೋಡೆಯ ಮೇಲೆ ಕರಿ ನೆರಳು ಬೀಳುತ್ತಿತ್ತು. ಬೇರೆಯವರ ಮದುವೆಯಲ್ಲಿ ಅದು ನಡೆದುಹೋಗುತ್ತಿತ್ತು. ತಂಗಿಯ ಮದುವೆ ಗೊತ್ತಾದಾಗ ಮಾತ್ರ ಮನಸ್ಸು ಒಪ್ಪಲಿಲ್ಲ. ಪಕ್ಕದಿಂದ ಬೆಳಕು ಬೀಳಲೆಂದು ಎರಡನೆಯ ಫ್ಲ್ಯಾಶು ತರಲು ಹುಬ್ಬಳ್ಳಿಗೆ ಹೋದೆ.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದಕ್ಕೆ ಕ್ಯಾಮೆರಾದಿಂದ ಉದ್ದ ವಾಯರು ಎಳೆಯಬೇಕು. ಅಂಥ ವಾಯರಿನ ತುದಿ ತಾಗಿ ಒಮ್ಮೆ ನನ್ನ ತೋಳು ಜುಮ್ಮೆಂದು ಸಂಜೆಯವರೆಗೆ ನನ್ನದಲ್ಲ ಎನ್ನುವಂತಾಗಿತ್ತು. ಮೇಲಾಗಿ ಮದುವೆಮನೆಯಲ್ಲಿ ಹುಡುಗರು ಎಡವಿ ಬೀಳುವುದು ಖಂಡಿತ. ಇನ್ನೊಂದಕ್ಕೆ ವಾಯರೇ ಇಲ್ಲ, ಅಂಗಿಯ ಗುಂಡಿಯಷ್ಟು ದೊಡ್ಡ ಗಾಜಿನ ಕಣ್ಣು. ಕ್ಯಾಮೆರಾದ ಫ್ಲ್ಯಾಶು ಹೊತ್ತಿದರೆ ಆ ಬೆಳಕನ್ನು ಈ ಕಣ್ಣು ಕಂಡು, ತಾನೂ ಅದೇ ಕ್ಷಣಕ್ಕೆ ಹೊತ್ತುತ್ತದೆ. ಅದಕ್ಕೆ ಗುರುತು ಪರಿಚಯ ಇಲ್ಲ, ಯಾರ ಬೆಳಕು ಫಕ್ಕನೆ ಬಿದ್ದರೂ ಹೊತ್ತುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ. ನಮ್ಮ ಕಡೆ ಇನ್ನಾರ ಕೈಯಲ್ಲಿ ಫ್ಲ್ಯಾಶು ಇದೆ ಎಂದುಕೊಂಡು ಕಣ್ಣಿನದನ್ನೇ ಆರಿಸಿದೆ. ಅಂಜಿಕೆಯಿಂದಲೇ ಆರಿಸಿದ್ದು, ಜಾಣತನದಿಂದಲ್ಲ.

ತಂಗಿಯ ವಿಷಯದಲ್ಲಿ ನಾವು ಅಂಜಲು ಕಾರಣವಿತ್ತು. ಈ ಮದುವೆಗೂ ಮೊದಲು ಸವಣೂರಿನ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ನಿಶ್ಚಯದ ದಿನ ಒಡೆದ ತೆಂಗಿನಕಾಯಿ ಒಳಗೆ ಕೆಟ್ಟಿತ್ತು. ಅವರು ಊಟಕ್ಕೂ ನಿಲ್ಲದೆ ಎದ್ದು ಹೋದರು. ಅಂದಿನಿಂದ ತಂಗಿ ದೇವರ ಮುಂದೆ ಯಾರಾದರೂ ಕಾಯಿ ಒಡೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಹಿರೇಕೆರೂರಿನವರು ಒಪ್ಪಿದ್ದರು. ಆದರೆ ಹುಡುಗನ ತಾಯಿ ಶಕುನ ನೋಡುವುದರಲ್ಲಿ ಬಹಳ ಬಿಗಿ ಎಂಬ ಸುದ್ದಿ ಮೊದಲೇ ಬಂದಿತ್ತು. ಇದೂ ಮುರಿದರೆ ಮೂರನೆಯವರು ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಅವ್ವ ದಿನಾ ಹೇಳುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ತಾಳಿ ಕೊರಳಿಗೆ ಬೀಳುವಾಗ ಜನ ಮದುಮಕ್ಕಳ ಮೇಲೆ ಅಕ್ಷತೆಯ ಅಕ್ಕಿಕಾಳು ಹಾಕುತ್ತಾರೆ. ಹಿಂದೆ ನಿಂತವರಿಗೆ ಮಂತ್ರ ಕೇಳುವುದಿಲ್ಲ, ತಾಳಿಯೂ ಕಾಣುವುದಿಲ್ಲ. ಕಾಣುವುದು ನನ್ನ ಫ್ಲ್ಯಾಶು ಒಂದೇ. ಬರಬರುತ್ತ ಜನ, ಬಾಜಾದವರು ಸಹಿತ, ನನ್ನ ಬೆಳಕು ನೋಡಿಯೇ ಕೈ ಎತ್ತುವುದನ್ನು ಕಲಿತುಬಿಟ್ಟಿದ್ದರು. ಆದ್ದರಿಂದ ಅಂತರಪಟ ಹಿಡಿದ ಮೇಲೆ ತಾಳಿಯ ಗಂಟು ಬೀಳುವವರೆಗೆ ನಾನು ಒಂದೂ ಫೋಟೋ ತೆಗೆಯುತ್ತಿರಲಿಲ್ಲ.

ಮೇ ತಿಂಗಳ ಕೊನೆ, ಮಧ್ಯಾಹ್ನದ ಮುಹೂರ್ತ. ಮೋಡ ಕಟ್ಟಿದ್ದನ್ನು ನೋಡಿ ಹಂದರ ಬಿಟ್ಟು, ಪರಿಚಯದ ಕಾಳಿನ ವ್ಯಾಪಾರಿಯ ಗೋದಾಮಿನೊಳಗೆ ಮದುವೆ ಇಟ್ಟೆವು. ಎತ್ತರದಲ್ಲಿ ಒಂದೇ ಕಿಟಕಿ. ಕರೆಂಟು ಹೋಗಿತ್ತು. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಜೋಳದ ಧೂಳು ತೇಲುತ್ತಿತ್ತು. ನಡುಗಂಬಕ್ಕೆ ಎರಡನೆಯ ಫ್ಲ್ಯಾಶು ಕಟ್ಟಿ, ಬೆಳಕು ಮೆತ್ತಗಾಗಲೆಂದು ಬಿಳಿ ಕರವಸ್ತ್ರ ಹೊದಿಸಿದ್ದೆ. ಅಂತರಪಟ ಹಿಡಿದರು. ಬೆವರಿಗೆ ಚಸ್ಮಾ ಮಬ್ಬಾಯಿತೆಂದು ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದೆ.

ಕಿಟಕಿ ಬೆಳ್ಳಗಾಯಿತು. ಅದೇ ಕ್ಷಣಕ್ಕೆ ನಡುಗಂಬದ ಫ್ಲ್ಯಾಶು ತನ್ನಷ್ಟಕ್ಕೆ ಹೊತ್ತಿತು. ಗೋದಾಮು ತುಂಬ ಅಕ್ಕಿಕಾಳು ಸುರಿಯಿತು. ಬಾಜಾದವರು ಊದಿ ಬಾರಿಸಿದ ಗದ್ದಲದಲ್ಲಿ ಗುಡುಗು ಮುಳುಗಿಹೋಯಿತು. ತಾಳಿ ಮಾತ್ರ ಇನ್ನೂ ತಾಟಿನಲ್ಲೇ ಇತ್ತು.

ಒಬ್ಬೊಬ್ಬರಿಗೇ ತಿಳಿಯುತ್ತ ಬಂದಂತೆ ಬಾಜಾ ನಿಂತಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಂತರಪಟದ ಕೆಳಗೆ ತಂಗಿಯ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದದ್ದು ನನಗೆ ಕಂಡಿತು. ಓಡಿಹೋಗಬೇಕೆನಿಸಿತು, ಸುಳ್ಳೇಕೆ ಹೇಳಲಿ.

ಹುಡುಗನ ತಾಯಿ ಅಕ್ಕಿ ತುಳಿಯದಂತೆ ಸೀರೆಯ ನಿರಿಗೆ ಎತ್ತಿಕೊಂಡು ನನ್ನ ಎದುರು ಬಂದು ನಿಂತರು. ಬೆಳಕು ಯಾಕೆ ಬಿತ್ತು ಎಂದು ಮೆಲ್ಲಗೆ ಕೇಳಿದರು.

ಮಿಂಚಿನ ಬೆಳಕನ್ನು ಕಂಡು ಫ್ಲ್ಯಾಶು ಹೊತ್ತಿತು ಎಂದರೆ ಅದು ನಿಜ. ಆದರೆ ತಾಳಿ ಕಟ್ಟುವ ಮೊದಲು ಮಿಂಚು ಅಕ್ಕಿ ಹಾಕಿಸಿತು ಎಂದರೆ ಈ ಹೆಂಗಸು ಏನು ತಿಳಿದಾರು? ಕೆಟ್ಟ ಕಾಯಿ ನೆನಪಾಯಿತು. ಮನುಷ್ಯನ ತಪ್ಪಿಗೆ ಬೈಗುಳವಿದೆ, ಬೈದ ಮೇಲೆ ಮುಗಿಯುತ್ತದೆ. ಮೇಲಿನವನ ಸಂಕೇತಕ್ಕೆ ಅಂಥ ಸವಲತ್ತು ಇಲ್ಲ.

"ನನ್ನ ಕೈ ತಪ್ಪೈತ್ರಿ ಅವ್ವಾರ. ಬಟನ್ ಮ್ಯಾಲ ಬೆರಳ ಬಿತ್ತು."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕಡೆಗೆ ಅವರು ಹಿಂದೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಫೋಟೋದ ಹುಡುಗನ ಕೈ ತಪ್ಪೈತಂತ. ಇನ್ನೊಮ್ಮೆ ಅಕ್ಕಿ ಹಂಚ್ರಿ."

ಮುಂದೆ ತಾಳಿ ಬಿತ್ತು, ನಾನು ಬಟನ್ ಒತ್ತಿದೆ, ಎರಡೂ ಫ್ಲ್ಯಾಶು ಹೊತ್ತಿದವು. ಊಟದ ಪಂಕ್ತಿಯಲ್ಲಿ ಸೋದರಮಾವ ನನ್ನನ್ನು ಹರಿದು ತಿಂದರು. ಆ ಬೈಗುಳ ನನಗೆ ಹೋಳಿಗೆಗಿಂತ ರುಚಿಯಾಗಿತ್ತು. ಆದರೆ ರೀಲು ತೊಳೆದಾಗ ಮತ್ತೆ ಭಯ ಹತ್ತಿತು. ತಾಳಿ ಕಟ್ಟುವ ಫೋಟೋದಲ್ಲಿ ತಂಗಿಯ ಮುಖ ಎಷ್ಟು ತುಂಬಿ ಬಂದಿತ್ತೆಂದರೆ, ತಲೆಗೂದಲಲ್ಲಿ ಮೊದಲೇ ಬಿದ್ದಿದ್ದ ಅಕ್ಕಿಯೂ ಕಾಳುಕಾಳಾಗಿ ಕಾಣುತ್ತಿತ್ತು. ಪಕ್ಕದ ಬೆಳಕಿನ ಗುಣವೇ ಅದು, ಏನನ್ನೂ ಮುಚ್ಚಿಡುವುದಿಲ್ಲ. ತಂಗಿಯ ಮನೆಯಿಂದ ಯಾರೇ ಬಂದರೂ, ಏನಾದರೂ ಕೆಟ್ಟದ್ದಾಗಿದೆಯೇ, ಮಿಂಚಿನ ಮಾತು ಎದ್ದಿದೆಯೇ ಎಂದು ಅವರ ಮುಖ ಓದುತ್ತಿದ್ದೆ. ಅವಳಿಗೆ ಜ್ವರ ಬಂದಿದೆಯೆಂದರೂ ನನಗೆ ನಿದ್ದೆ ಬರುತ್ತಿರಲಿಲ್ಲ.

ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹಿರೇಕೆರೂರಿಗೆ ಹೋದೆ. ಪಡಸಾಲೆಯ ಗೂಟಕ್ಕೆ ಎರಡನೆಯ ಫ್ಲ್ಯಾಶು ಕಟ್ಟುತ್ತಿದ್ದೆ. ಕೂಸನ್ನು ಎದೆಗೆ ಹಾಕಿಕೊಂಡು ತಂಗಿಯ ಅತ್ತೆ ಬಂದು ನಿಂತರು. ಹೊರಗೆ ಮೋಡ ಗುಡುಗುತ್ತಿತ್ತು. ಅವರು ಫ್ಲ್ಯಾಶಿನ ಕಣ್ಣನ್ನು ನೋಡಿದರು, ಬಾಗಿಲಾಚೆಯ ಆಕಾಶವನ್ನು ನೋಡಿದರು.

"ಅವತ್ತ ಮಿಂಚಿದಾಗ ನೀವು ಎರಡೂ ಕೈಲೆ ಚಸ್ಮಾ ಒರಸಾಕತ್ತಿದ್ರಿ," ಎಂದರು.

ನನ್ನ ಕೈಯಲ್ಲಿದ್ದ ಹುರಿ ಜಾರಿತು. ಇಷ್ಟು ದಿನ ಬಚ್ಚಿಟ್ಟದ್ದು ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತು.

"ನಿಮ್ಮಷ್ಟ ನಾನೂ ಅಂಜಿದ್ದೆ. ಅಷ್ಟು ಮಂದಿ ಮುಂದ ಮಿಂಚು ಅಂತ ನೀವು ಖರೇ ಹೇಳಿಬಿಟ್ಟಿದ್ರ ನಾ ಈ ಹುಡುಗಿನ ಹೆಂಗ ಕರಕೊಂಡ ಬರಬೇಕಿತ್ತು?"

ಹಾಗೆಂದು ಅವರು ಕೂಸನ್ನು ನನ್ನ ಕೈಗೆ ಕೊಟ್ಟು, ಸೆರಗಿನ ತುದಿಯಿಂದ ಆ ಗಾಜಿನ ಕಣ್ಣನ್ನು ಮುಚ್ಚಿ ಹಿಡಿದರು. ಮೋಡ ಸರಿಯುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು.