ಗೂಬೆಗೆ ಬೀಗ, ಕೋತಿಗೆ ಬಾಳೆಹಣ್ಣು

ಹೋದ ತಿಂಗಳು ಒಂದು ಬೆಳಗ್ಗೆ ಬಾಗಿಲು ತೆಗೆದರೆ ಕುದೇರಿನ ಅಕ್ಕ, ಭಾವ, ಇಬ್ಬರು ಮಕ್ಕಳು, ಜೊತೆಗೊಂದು ಮಿಕ್ಸಿ. ಇನ್ನು ಮೂರು ತಿಂಗಳು ಚಾಮರಾಜನಗರದ ನನ್ನ ಎರಡು ಕೋಣೆಯ ಮನೆಯಲ್ಲೇ ಇರುತ್ತಾರಂತೆ.

ಕಾರಣ? ಅವರ ಅಟ್ಟಕ್ಕೆ ಗೂಬೆ ಬಂದಿದೆ. ಮನೆಗೆ ಗೂಬೆ ಹೊಕ್ಕರೆ ಮೂರು ತಿಂಗಳು ಬೀಗ ಹಾಕಿ ಹೊರಡಬೇಕು ಎಂಬುದು ನಮ್ಮ ಕಡೆಯ ಕಾನೂನು. (ಬಾಡಿಗೆಯವರನ್ನು ಬಿಡಿಸಲು ಓನರ್‌ಗಳಿಗೆ ಈ ಐಡಿಯಾ ಇನ್ನೂ ಯಾಕೆ ಹೊಳೆದಿಲ್ಲವೋ!)

ಅಕ್ಕನಿಗೆ ಮನಸ್ಸಿರಲಿಲ್ಲ. ಬಿಳಿ ಮುಖದ ಆ ಕಣಜಗೂಬೆ ಬಂದ ಮೇಲೆ ರಾಗಿ ಮೂಟೆಗೆ ಇಲಿ ಕಾಟ ತಪ್ಪಿದೆ, ಮೂಲೆಯಲ್ಲಿ ನಾಲ್ಕು ಮೊಟ್ಟೆ ಇಟ್ಟಿದೆ, ಮರಿ ಹಾರುವವರೆಗೆ ನಾವೂ ಇರೋಣ ಎಂದು ಗೋಗರೆದಿದ್ದಳಂತೆ. ಭಾವ ಕೇಳಲಿಲ್ಲ.

"ಅಪಶಕುನ ಕಣಮ್ಮಿ, ಸುಮ್ನೆ ನಡಿ."

ಇದೇ ಭಾವ ಪ್ರತಿ ಶನಿವಾರ ಆಂಜನೇಯನ ಗುಡಿಯ ಕೋತಿಗಳಿಗೆ ಒಂದು ಚಿಪ್ಪು ಬಾಳೆಹಣ್ಣು ಒಯ್ಯುತ್ತಾರೆ. ನಡುಬೈತಲೆ ತೆಗೆದ ಆ ಕೋತಿಗಳು ಅವರದೇ ಟೊಮೆಟೊ ಕೀಳುತ್ತವೆ, ಹಿತ್ತಲಿನ ಸೋರೆಕಾಯಿಗಳನ್ನು ಒಂದೊಂದೇ ಸಲ ಕಚ್ಚಿ ಎಸೆಯುತ್ತವೆ. ಆದರೂ ಅವು ದೇವರು. (ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಹಾಕುವವರೂ ಇದೇ ಪಾರ್ಟಿ.) ಗೂಬೆ ಏನು ಮಾಡಿತು? ಹಗಲು ನಿದ್ದೆ ಮಾಡಿತು, ರಾತ್ರಿ ಸಂಬಳವಿಲ್ಲದೆ ಇಲಿ ಹಿಡಿಯಿತು. ದೊಡ್ಡ ತಪ್ಪೇ ಬಿಡಿ.

ಇಪ್ಪತ್ತನೇ ದಿನ ಅಕ್ಕ ಬಟ್ಟೆ ತರುವ ನೆಪ ತೆಗೆದಳು. ಅವಳು, ಭಾವ ಹೊರಟಾಗ ಜೊತೆಗೆ ನಾನೂ ಹೋದೆ. ಬೀಗ ತೆಗೆದರೆ ನಡುಮನೆಯಲ್ಲಿ ಬಿಸಿಲು! ಮನೆ ಖಾಲಿ ಎಂದು ಗೊತ್ತಾದ ಕೋತಿಗಳು ಹೆಂಚು ಸರಿಸಿ ಇಳಿದಿದ್ದವು. ರಾಗಿ ನೆಲದ ಪಾಲು, ಉಪ್ಪಿನಕಾಯಿ ಗೋಡೆಯ ಪಾಲು. ಅಟ್ಟದ ಕೆಳಗೆ ಮೊಟ್ಟೆಯ ಚೂರುಗಳು. ಗೂಬೆ ಇರಲಿಲ್ಲ. ಅಕ್ಕ ಚೂರುಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ನನಗೆ ಸಿಟ್ಟು ಬಂತು, ಕೋತಿಗಳ ಮೇಲಲ್ಲ.

ಭಾವ ಸೂರು ನೋಡಿ ನಿಟ್ಟುಸಿರು ಬಿಟ್ಟರು. "ನೋಡ್ದಾ, ಗೂಬೆ ಬಂದಿದ್ಕೆ ಮನೆ ಎಂಗಾಗೋಯ್ತು."

"ಗೂಬೆ ಇದ್ದಾಗ ಮನೆ ನೆಟ್ಟಗೇ ಇತ್ತು. ನಾವು ಬುಟ್ಟೋದ್ಮೇಲೆ ಇಂಗಾಯ್ತು" ಅಂದಳು ಅಕ್ಕ.

ಅವತ್ತೇ ಪೊರಕೆ ಹಿಡಿದು ಅವಳು ಅಲ್ಲೇ ಉಳಿದಳು. ಭಾವ ಐನೋರನ್ನು ಕರೆಸಿ ಶಾಂತಿ ಮಾಡಿಸಿದರು, ಗೂಬೆಯ ದೋಷಕ್ಕೆ. ಮರುದಿನ ಶನಿವಾರ. ಹೊಸ ಹೆಂಚು ತರಲು ಹೊರಟವರ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪೂ ಇತ್ತು.

ಅಪಶಕುನದ ವಿಚಾರ ಬಂತಲ್ಲ, ಆ ಗೂಬೆ ಪಾಪ ಯಾರ ಮುಖ ನೋಡಿ ಎದ್ದಿತ್ತೋ?