ಜಾಗ ಹಿಡಿದ ಮಹಾಂತಪ್ಪ ಕಾಕಾ

ಕಾರು ಕೊಂಡ ಮೇಲೆ ಮಹಾಂತಪ್ಪ ಕಾಕಾ ಎಲ್ಲ ಕಡೆಗೂ ನಡೆದೇ ಹೋಗತೊಡಗಿದರು. ಅದಕ್ಕೂ ಮೊದಲು ಒಂದು ಸ್ಕೂಟರ್ ಇತ್ತು. ಅದನ್ನು ಮಾರಿ ಕಾರು ತಂದರು, ತಂದು ಅಂಗಡಿ ಮುಂದೆ ನಿಲ್ಲಿಸಿದರು, ನಿಲ್ಲಿಸಿದ್ದನ್ನು ಮತ್ತೆ ತೆಗೆಯಲಿಲ್ಲ.

ಇಳಕಲ್ಲಿನ ಸೀರೆ ಬಜಾರಿನಲ್ಲಿ ಅವರ ಅಂಗಡಿ. ಎದುರಿಗೇ ನನ್ನ ಫಾಲ್-ಪಿಕೊ ಅಂಗಡಿ. ಅವರಲ್ಲಿ ಸೀರೆ ಕೊಂಡವರು ನನ್ನಲ್ಲಿ ಫಾಲ್ ಹಚ್ಚಿಸಿಕೊಂಡು ಹೋಗುವುದು ಮೊದಲಿನಿಂದಲೂ ರೂಢಿ. ಮಷೀನಿನಿಂದ ತಲೆ ಎತ್ತಿದಾಗಲೆಲ್ಲ ನನಗೆ ಆ ಬಿಳಿ ಕಾರು ಕಾಣುತ್ತಿತ್ತು, ಹಳೆಯ ಧೋತರದ ತುಂಡಿನಿಂದ ಅದರ ಧೂಳು ಒರೆಸುತ್ತಿದ್ದ ಕಾಕಾ ಕಾಣುತ್ತಿದ್ದರು. ಅವರ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ ಇದ್ದರೂ ಕಾರು ರಾತ್ರಿಯೂ ಅಲ್ಲೇ.

"ಕಾಕಾ, ಒಮ್ಮೆರೆ ಹೊರಗ ಒಯ್ಯಬಾರದ?" ಎಂದರೆ ನನ್ನ ತಿಳಿಗೇಡಿತನಕ್ಕೆ ಮರುಗುವವರಂತೆ ನೋಡುತ್ತಿದ್ದರು.

"ತಂಗೀ, ಕಾರ್ ಯಾವಾಗ ಬೇಕಾದ್ರೂ ಸಿಗತೈತಿ. ಈ ಬಜಾರದಾಗ ಜಾಗಾ ಸಿಗೂದಿಲ್ಲ."

ಹುನಗುಂದದಲ್ಲಿ ಬೀಗರ ಮನೆಯ ಮದುವೆಯಾದಾಗ ಗಂಡ ಹೆಂಡತಿ ಬಸ್ಸಿನಲ್ಲೇ ಹೋಗಿಬಂದರು. ಅಲ್ಲಿ ಯಾರೋ "ಹ್ಯಾಂಗ ಬಂದ್ರಿ?" ಎಂದು ಕೇಳಿದಾಗ ಕಾಕಾ ಕಾರಿನ ಬಣ್ಣ, ಸೀಟು, ಏಸಿ ಎಲ್ಲವನ್ನೂ ವರ್ಣಿಸಿದರಂತೆ, ಬಸ್ಸಿನ ಮಾತೊಂದನ್ನು ಬಿಟ್ಟು. ಅವರ ಹೆಂಡತಿ ನೀಲವ್ವ ಕಾಕು ಇದನ್ನು ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಾ, "ನಮ್ಮ ಮನ್ಯಾಗ ಕಾರ್ ಐತಿ, ಖರೆ. ದಸರಾಕ್ಕೊಮ್ಮೆ ಅದಕ್ಕ ಊದಿನಕಡ್ಡಿ ಬೆಳಗ್ತೇವಿ, ಅಷ್ಟ," ಎಂದು ನಕ್ಕಿದ್ದಳು.

ಹೀಗಿರುವಾಗ ನಗರಸಭೆಯಿಂದ ಬಜಾರಿಗೊಂದು ಹೊಸ ಯೋಜನೆ ಬಂತು. ಹಗಲು ಹೊತ್ತಿನಲ್ಲಿ ಗಾಡಿಗಳನ್ನು ಒಳಗೆ ಬಿಡದೆ, ಹಳೆ ಸಂತೆ ಬಯಲಲ್ಲಿ ನಿಲ್ಲಿಸುವುದು. ಎರಡೂ ಬದಿಗೆ ಜನ ನಡೆಯಲು ಸಮನಾದ ಹಾದಿ ಮಾಡುವುದು. ಅದಕ್ಕಾಗಿ ಚರಂಡಿ ದಾಟಿ ರಸ್ತೆಗೆ ಇಳಿದಿದ್ದ ಅಂಗಡಿಗಳ ಮೆಟ್ಟಿಲುಗಳನ್ನು, ಅಂದರೆ ಪಾವಟಿಗೆಗಳನ್ನೆಲ್ಲ, ಒಡೆಯುವುದು. ನಮ್ಮಲ್ಲಿ ಪಾವಟಿಗೆ ಇಲ್ಲದ ಅಂಗಡಿಯೇ ಇರಲಿಲ್ಲ. ಎಲ್ಲಕ್ಕಿಂತ ಎತ್ತರದವು ಕಾಕಾನವೇ.

ವ್ಯಾಪಾರಸ್ಥರ ಅಭಿಪ್ರಾಯ ಕೇಳಲು ಕರೆದ ಸಭೆಯಲ್ಲಿ ಕಾಕಾ ಮೊದಲು ಎದ್ದು ನಿಂತರು. "ಮದುವಿ ಜವಳಿ ತಗೊಳ್ಳಾಕ ಬಂದ ಮಂದಿ ಗಂಟು ಹೊತಗೊಂಡು ಬಿಸಲಾಗ ಬಯಲತನಕಾ ನಡೀಬೇಕೇನ್ರಿ? ಗಾಡಿ ಬರಲಿಲ್ಲಂದ್ರ ಗಿರಾಕಿ ಬರೂದಿಲ್ಲ!"

ಚಪ್ಪಾಳೆ ಬಿತ್ತು. ಯೋಜನೆ ವಿವರಿಸಲು ಬಂದಿದ್ದ ಎಂಜಿನಿಯರ್ ಹುಡುಗಿ ಶಾಂತವಾಗಿ ಕೇಳಿದಳು: "ಯಜಮಾನ್ರ, ಈಗ ನಿಮ್ಮ ಅಂಗಡಿ ಮುಂದ ನಿಂತಿದ್ದು ಯಾವ ಗಿರಾಕಿ ಗಾಡಿ ರೀ?"

"ಅದು ನಂದ. ಗಿರಾಕಿ ಸಲುವಾಗಿ ಜಾಗಾ ಹಿಡದೇನಿ."

"ಮತ್ತ ಗಿರಾಕಿ ಬಂದ್ರ?"

"ಅವರು ಬ್ಯಾರೆ ಕಡೆ ನಿಂದ್ರಸ್ತಾರ."

ಸಭೆಯಲ್ಲಿ ಎದ್ದ ನಗು ಅಡಗಲು ಬಹಳ ಹೊತ್ತು ಹಿಡಿಯಿತು. ಕಾಕಾ ಮಾತ್ರ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅತ್ತಿತ್ತ ನೋಡಿದರು. ಆದರೂ ಗೆದ್ದವರು ಅವರೇ. ಅಂಗಡಿ ಅಂಗಡಿ ತಿರುಗಿ ವಿರೋಧದ ಅರ್ಜಿಗೆ ಸಹಿ ಹಾಕಿಸಿದರು, ನನ್ನಿಂದಲೂ ಹಾಕಿಸಿದರು. ಯೋಜನೆ ಅಲ್ಲಿಗೇ ನಿಂತಿತು.

ಶ್ರಾವಣದ ಒಂದು ಮಧ್ಯಾಹ್ನ, ಸಣ್ಣ ಮಳೆ ಬಂದು ನಿಂತಿತ್ತು. ಹೊಸದಾಗಿ ಬಂದ ಸೀರೆಗಳನ್ನು ನೋಡಲು ಕಾಕು ಅಂಗಡಿಗೆ ಬಂದಳು. ನೋಡಿ ಇಳಿಯುವಾಗ ಆ ಎತ್ತರದ ಪಾವಟಿಗೆಯ ಮೇಲೆ ಕಾಲು ಜಾರಿತು. ನಾನು ಓಡಿಹೋದಾಗ ಬಲಗಾಲು ಮಡಿಚಿಕೊಂಡು ಬಿದ್ದಿದ್ದಳು, ಏಳಲಾಗಲಿಲ್ಲ. ಕಾಕಾ ರೊಕ್ಕದ ಗಲ್ಲೆಯಿಂದ ಕೀಲಿ ಕಸಿದುಕೊಂಡು ಕಾರಿನೊಳಗೆ ಕೂತರು. ಕೀಲಿ ತಿರುವಿದರು. ಟಕ್ ಎಂದಿತು. ಮತ್ತೆ ತಿರುವಿದರು. ಟಕ್ ಎನ್ನುವುದೂ ನಿಂತಿತು. ಓಡದೆ ನಿಂತ ಕಾರಿನ ಬ್ಯಾಟರಿ ಯಾವಾಗಲೋ ಸತ್ತಿತ್ತು.

ಆಟೋ ಕರೆದರೆ ಅದು ಬಜಾರಿನ ಬಾಯಲ್ಲೇ ಬೈಕು, ಟಂಟಂಗಳ ನಡುವೆ ಸಿಕ್ಕಿಕೊಂಡಿತು. ಕೊನೆಗೆ ಬಳೆ ಅಂಗಡಿಯ ಹುಸೇನಣ್ಣ ಒಂದು ಪ್ಲಾಸ್ಟಿಕ್ ಕುರ್ಚಿ ತಂದ. ಅದರಲ್ಲಿ ಕಾಕುವನ್ನು ಕೂಡಿಸಿ, ಆಟೋ ನಿಂತಲ್ಲಿಗೆ ನಾಲ್ಕು ಜನ ಎತ್ತಿಕೊಂಡು ಹೊರಟೆವು. ಕಾಕಾ ಮುಂದೆ ಮುಂದೆ ಎರಡೂ ಕೈ ಜೋಡಿಸಿಕೊಂಡು, "ಸರೀರಿ, ನಿಮ್ಮ ಕಾಲ ಬೀಳ್ತೇನಿ, ಸ್ವಲ್ಪ ಗಾಡಿ ಸರಸ್ರಿ," ಎನ್ನುತ್ತಾ ನಡೆದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನೋವಿನಲ್ಲಿ ಹಲ್ಲು ಕಚ್ಚಿ ಕೂತಿದ್ದ ಕಾಕು ನನ್ನ ಕಿವಿ ಹತ್ತಿರ, "ನೋಡ್ ತಂಗೀ, ಇಷ್ಟ ದಿನಕ್ಕ ನಮ್ಮ ಮನಿಯವರು ನನ್ನ ಬಜಾರ ತಿರಗಾಕ ಕರಕೊಂಡು ಹೊಂಟಾರ," ಎಂದಳು.

ಬಾಗಲಕೋಟೆಯ ದವಾಖಾನೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಕಾಕು ಊರಿಗೆ ಮರಳಿದ ಕೆಲವೇ ದಿನಗಳಿಗೆ ಕಾಕಾ ತಾವೇ ಓಡಾಡಿ ಮತ್ತೊಂದು ಸಭೆ ಕರೆಸಿದರು. ವಿರೋಧಕ್ಕೇ ಕರೆದಿದ್ದಾರೆಂದು ಎಲ್ಲರೂ ಹುರುಪಿನಿಂದ ಬಂದಿದ್ದರು.

"ಮೊದಲ ನನ್ನ ಪಾವಟಿಗಿ ಒಡೀರಿ," ಎಂದರು ಕಾಕಾ. "ಕಾರೂ ತಗೀತೇನಿ. ಆಮ್ಯಾಲೆ ಉಳದವರದು."

ಪಾತ್ರೆ ಅಂಗಡಿಯವರು ಸಿಟ್ಟಿನಿಂದ ಎದ್ದರು. "ನಿಮ್ಮ ಮಾತ ಕೇಳಿ ಸಹಿ ಹಾಕಿದ ನಾವೇನ್ ಹುಚ್ಚರೇನು?"

"ಹುಚ್ಚ ನಾನಪಾ. ನೀವು ನನ್ನ ಬೆನ್ನ ಹತ್ತಿದ್ರಿ."

ಪಾತ್ರೆ ಅಂಗಡಿಯವರು ಹೊರನಡೆದರು, ಅವರ ಹಿಂದೆ ಇನ್ನೂ ಕೆಲವರು. ಉಳಿದವರು ಗೊಣಗುತ್ತಲೇ, ದೀಪಾವಳಿ ತನಕ ನೋಡೋಣ ಎಂದು ಒಪ್ಪಿದರು. ಒಡೆಯುವ ದಿನ ಕಾಕಾ ತಾವೇ ಹಾರೆ ಹಿಡಿಯಲು ಹೋಗಿ ಸೊಂಟ ಹಿಡಿದುಕೊಂಡು ಕೂತದ್ದನ್ನೂ ಹೇಳಿಬಿಡಬೇಕು. ಕಾರನ್ನು ಬಯಲಿನವರೆಗೆ ನಾವೆಲ್ಲ ನೂಕಿದೆವು. ಕಾಕಾ ಒಳಗೆ ಕೂತು ಸ್ಟೇರಿಂಗ್ ಹಿಡಿದಿದ್ದರು, ಅದೂ ಬಹಳ ಗತ್ತಿನಿಂದ.

ಮುಂದೆ ಶುರುವಾದದ್ದು ಬೇರೆಯೇ ಕಾಟ. ಬಜಾರಿನ ಬಾಯಿಗೆ ಕುರ್ಚಿ ಹಾಕಿಕೊಂಡು ಕೂತ ಕಾಕಾ ಒಳಗೆ ನುಗ್ಗುವ ಬೈಕುಗಳನ್ನು ಕೊಡೆ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಸಂಬಂಧಿಕರೆನ್ನಲಿಲ್ಲ, ಗಿರಾಕಿಗಳೆನ್ನಲಿಲ್ಲ, ಯಾರನ್ನೂ ಬಿಡಲಿಲ್ಲ. "ಕಾಲ ಅದಾವಿಲ್ಲೋ ನಿನಗ? ಇಳದ ನಡಿ!" ಎನ್ನುವ ಕೂಗು ನನ್ನ ಮಷೀನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಮೊದಮೊದಲು ವ್ಯಾಪಾರ ಇಳಿಯಿತು, ನನಗೂ ಕೆಲಸ ಕಡಿಮೆಯಾಯಿತು. ಆಮೇಲೆ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಕೂಸುಗಳ ಕೈ ಬಿಟ್ಟು, ಒಂದೊಂದೇ ಅಂಗಡಿ ನೋಡುತ್ತಾ ನಿಧಾನಕ್ಕೆ ನಡೆಯತೊಡಗಿದರು. ದೀಪಾವಳಿ ಮುಗಿದರೂ ಗಾಡಿಗಳನ್ನು ಒಳಗೆ ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಪಾತ್ರೆ ಅಂಗಡಿಯವರು ಮಾತ್ರ ಕಾಕಾನ ಕೂಡ ಕಡೆತನಕ ಮಾತಾಡಲಿಲ್ಲ.

ಕಾಕು ಕೋಲು ಹಿಡಿದು ನಡೆಯುವಷ್ಟಾದ ಮೇಲೆ ದಿನಾ ಸಂಜೆ ಇಬ್ಬರೂ ಜೊತೆಯಾಗಿ ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಗಿರ್ಮಿಟ್ ತಿಂದು ಬರುತ್ತಿದ್ದರು. ಹೋದ ಚಳಿಗಾಲದಲ್ಲಿ, ಒಂದು ದಿನವೂ ಹಾಸಿಗೆ ಹಿಡಿಯದೆ, ಕಾಕಾ ಹೋಗಿಬಿಟ್ಟರು. ಎದೆನೋವು ಎಂದರಂತೆ, ಅಷ್ಟೇ.

ತಿಂಗಳು ಕಳೆದ ಮೇಲೆ ಕಾಕು ಒಬ್ಬಳೇ ಸಂಜೆ ಹೊರಬಿದ್ದಳು. ಆ ತುದಿ ಮುಟ್ಟಿ ಬಂದು ನನ್ನ ಅಂಗಡಿಯಲ್ಲಿ ಕೂತಳು. ನೀರು ಕೊಟ್ಟೆ.

"ನಾನೂ ಬರ್ತಿದ್ನೆಲ್ಲ ಕಾಕು, ಕರೀಬಾರದ?" ಎಂದೆ.

"ಏನ್ ದೂರ ಐತಿ ಅಂತ ಕರೀಲಿ? ಅವರಿದ್ದಾಗ ಹೆಜ್ಜಿಗೊಬ್ಬರ ಜೋಡಿ ಜಗಳಾ ತಗದು ನಿಂದ್ರತಿದ್ರು. ಹೋಗಿ ಬರೂದ್ರಾಗ ದೀಪಾ ಹಚ್ಚೂ ಹೊತ್ತಾಗತಿತ್ತು." ನೀರು ಕುಡಿದು ಲೋಟ ಕೆಳಗಿಟ್ಟಳು. ಹೊರಗೆ ಇನ್ನೂ ಬಿಸಿಲಿತ್ತು. ಅದನ್ನೇ ನೋಡುತ್ತಾ ಕೇಳಿದಳು:

"ಈ ಬಜಾರ ಇಷ್ಟ ಸಣ್ಣದೇನ ತಂಗೀ?"