ಚೀಟಿಯಲ್ಲಿಲ್ಲದ ಯಳಂದೂರು

ಹನೂರಿನಿಂದ ಬಂದು ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸು ಕೊಳ್ಳೇಗಾಲ ಬಿಟ್ಟಾಗ ಎಂಟು ದಾಟಿತ್ತು. ಅರವತ್ತೈದನೆಯ ಇಸವಿ, ಪಾಕಿಸ್ತಾನದೊಡನೆ ಯುದ್ಧ ಶುರುವಾಗಿ ಇನ್ನೂ ಎರಡು ವಾರ ತುಂಬಿರಲಿಲ್ಲ. ಮೋಡ ಮುಚ್ಚಿಕೊಂಡು ತುಂತುರು ಬೀಳುತ್ತಿತ್ತು. ತಲೆಗೆ ಒಂದೂಕಾಲು ರೂಪಾಯಿಯಂತೆ ನನಗೊಂದು, ಜೈನಬಕ್ಕನಿಗೊಂದು ಟಿಕೆಟ್ಟು ತೆಗೆದುಕೊಂಡೆ. ನಮ್ಮ ಹಿಂದಿನ ಸೀಟಿನಲ್ಲಿ ಕೂತವರು ಟಿಕೆಟ್ಟು ಕೇಳಲಿಲ್ಲ. ಪಂಚೆ ಉಟ್ಟು, ಹೆಗಲಿಗೆ ಟವಲ್ ಹಾಕಿಕೊಂಡು ಹಳ್ಳಿಯ ರೈತರ ಹಾಗೆ ಕಾಣಲು ಅವರು ಬಹಳ ಕಷ್ಟಪಟ್ಟಿದ್ದರು. ಆದರೆ ಕಾಲಲ್ಲಿ ಪೊಲೀಸ್ ಬೂಟು ಹಾಗೇ ಉಳಿದುಬಿಟ್ಟಿತ್ತು. ಅವರು ಹೆಡ್ ಕಾನ್‌ಸ್ಟೇಬಲ್ ಸಿದ್ದಯ್ಯ, ಪಿಂಚಣಿಗೆ ಒಂದೇ ವರ್ಷ ಇದ್ದವರು. ಜೈನಬಕ್ಕನನ್ನು ಕೊಯಮತ್ತೂರಿಗೆ ಮುಟ್ಟಿಸಿ ಬರಬೇಕೆಂದು ಅವರಿಗೆ ಹುಕುಮಿನ ಚೀಟಿ ಬಂದಿತ್ತು. ಸುದ್ದಿ ಆಗದ ಹಾಗೆ ಕರೆದುಕೊಂಡು ಹೋಗುವುದೇ ಕ್ಷೇಮವೆಂದು ಪಂಚೆ ಉಟ್ಟಿದ್ದರು.

ಜೈನಬಕ್ಕ ನಮ್ಮ ಬೀದಿಯ ಹುಡುಗಿ. ನಮ್ಮದು ಮಗ್ಗದ ಮನೆ, ಅವರದು ಗೋಡೆಯಾಚೆಯ ರೇಷ್ಮೆ ನೂಲು ತೆಗೆಯುವ ಮನೆ. ದೇಶ ಎರಡಾಗುವುದಕ್ಕೆ ಮೊದಲೇ ಮದುವೆಯಾಗಿ ಗಂಡನ ಜೊತೆ ಕರಾಚಿಗೆ ಹೋದವಳು ಅಲ್ಲಿಯವಳೇ ಆಗಿಬಿಟ್ಟಳು. ಇಷ್ಟು ವರ್ಷದ ಮೇಲೆ ವೀಸಾ ಸಿಕ್ಕಿ ತಮ್ಮ ಖಾದರನ ಮನೆಗೆ ಬಂದಿದ್ದಳು. ಬಂದದ್ದು ತಾಯಿಯನ್ನು ನೋಡಲು. ತಾಯಿ ಇದ್ದದ್ದು ಹತ್ತು ಮೈಲಿ ಆಚೆ, ಯಳಂದೂರಿನ ಕಿರಿಯ ಮಗಳ ಮನೆಯಲ್ಲಿ; ಮಂಡಿ ಬಿದ್ದುಹೋಗಿ ಬಸ್ಸು ಹತ್ತುವ ಹಾಗಿರಲಿಲ್ಲ. ವೀಸಾದಲ್ಲಿ ಬರೆದಿದ್ದ ಊರು ಕೊಳ್ಳೇಗಾಲ ಒಂದೇ. ಯಳಂದೂರಿಗೆ ಹೋಗಲು ಅಪ್ಪಣೆ ಕೊಡಿ ಎಂದು ಅರ್ಜಿ ಹಾಕಿ ಕಾಯುತ್ತಿದ್ದಾಗಲೇ ಯುದ್ಧ ಬಂತು.

ಆಗ ಮೇಲಿನವರು ಕಾಗದಪತ್ರವನ್ನೆಲ್ಲ ಮತ್ತೆ ಬಿಚ್ಚಿ ನೋಡಿದರು. ವೀಸಾದಲ್ಲಿ 'ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ, ಮದ್ರಾಸ್ ರಾಜ್ಯ' ಎಂದಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿ ಆಗಲೇ ಒಂಬತ್ತು ವರ್ಷ. ಮದ್ರಾಸ್ ರಾಜ್ಯದ ವೀಸಾ ಇಟ್ಟುಕೊಂಡವಳು ಇಲ್ಲಿರುವಂತಿಲ್ಲ, ಕೊಯಮತ್ತೂರಿನವರೇ ನೋಡಿಕೊಳ್ಳಲಿ ಎಂದಾಯಿತು.

ಆ ತಪ್ಪು ನನ್ನದು. ಅವಳ ತಾಯಿ ಕರಾಚಿಗೆ ಕಳಿಸುತ್ತಿದ್ದ ಕಾಗದಗಳನ್ನೆಲ್ಲ, ಖಾದರನ ಮನೆಯ ವಿಳಾಸ ಹಾಕಿ, ಬರೆದುಕೊಡುತ್ತಿದ್ದವನು ನಾನು. ಕೈಗೆ ಕೂತ ಅಭ್ಯಾಸ, ಲಕೋಟೆಯ ಹಿಂದೆ ಹಳೆಯ ವಿಳಾಸವನ್ನೇ ಬರೆಯುತ್ತಿದ್ದೆ. ನಮ್ಮ ಕೊಳ್ಳೇಗಾಲದಲ್ಲಿ ಇನ್ನೂ ಎಷ್ಟೋ ಜನ ಹಾಗೇ ಬರೆಯುತ್ತಿದ್ದರು, ಕಾಗದ ಹೇಗೂ ಬಂದು ಮುಟ್ಟುತ್ತಿತ್ತು. ವೀಸಾದ ಅರ್ಜಿ ತುಂಬುವಾಗ ಅವಳು ನನ್ನ ಲಕೋಟೆ ನೋಡಿಕೊಂಡು ಬರೆದಿದ್ದಳು. ಹಿಂದಿನ ಸಂಜೆ ಹುಕುಂ ಬಂದಾಗ ಇದನ್ನು ಅವಳಿಗೆ ಹೇಳಿಕೊಂಡೆ. "ಖಾದರನ ಮುಂದೆ ಹೇಳ್ಬ್ಯಾಡ ಶಿವಣ್ಣ, ಅವ್ನು ಮೊದ್ಲೇ ಎದ್ರವ್ನೆ" ಎಂದಳು, ಅಷ್ಟೇ. ಖಾದರ್ ಊರು ಬಿಡಕೂಡದೆಂದು ಸ್ಟೇಷನ್ನಿನವರು ಹೇಳಿದ್ದರು. ಹಾಗಾಗಿ ಚಾಮರಾಜನಗರದಲ್ಲಿ ಕೊಯಮತ್ತೂರಿನ ಬಸ್ಸು ಹತ್ತಿಸುವವರೆಗೆ ನಾನು ಜೊತೆಗಿರುತ್ತೇನೆಂದು ಅವನಿಗೆ ಮಾತು ಕೊಟ್ಟು ಹೊರಟಿದ್ದೆ.

ಊರು ದಾಟಿ ಗದ್ದೆಬಯಲು ಸಿಕ್ಕಿತು. ಎಡಕ್ಕೆ ಬಿಳಿಗಿರಿರಂಗನ ಬೆಟ್ಟ ಮೋಡದೊಳಗೆ ಮುಳುಗಿತ್ತು. ಬಸ್ಸಿನಲ್ಲಿ ಯುದ್ಧದ್ದೇ ಮಾತು. ಮಧುವನಹಳ್ಳಿಯಲ್ಲಿ ಹತ್ತಿದ್ದ ಜಮೀನ್ದಾರರೊಬ್ಬರು, ಮಾದಪ್ಪನವರು, ಪೇಪರು ಮಡಿಸಿ ಕಂಕುಳಿಗೆ ಇಟ್ಟುಕೊಂಡು ಗಟ್ಟಿಯಾಗಿ ಹೇಳುತ್ತಿದ್ದರು:

"ವೀಸಾನೋ ಗೀಸಾನೋ, ಅಲ್ಲಿಂದ ಬಂದವ್ರನ್ನೆಲ್ಲ ಒಂದೇ ದಿನದಲ್ಲಿ ಆಚೆಗೆ ಓಡಿಸ್ಬೇಕು ಕಣ್ಲಾ."

ಮುಂದಿನ ಸೀಟಿನ ದರ್ಜಿಯೊಬ್ಬ ತಿರುಗಿದ. "ಯಾವ ದಾರೀಲಿ ಓಡ್ಸೀರಿ ಯಜಮಾನ್ರೆ? ಗಡೀಲಿ ಗುಂಡು ಆರ್ತಾ ಅವೆ. ನೀವೇ ಮುಂದ್ ನಿಂತು ದಾಟಿಸ್ಬುಟ್ಟು ಬನ್ನಿ."

ಬಸ್ಸೆಲ್ಲ ನಕ್ಕಿತು. ಮಾದಪ್ಪನವರಿಗೆ ಕೋಪ ಬಂತು. "ತಮಾಸೆ ಅಲ್ಲ ಕಣ್ಲಾ. ನಾಳೆ ಯಾವನೋ ಬಂದು ಕೆರೆ ನೀರ್ಗೆ ಇಸ ಆಕುದ್ರೆ?"

"ಆಕ್ದೋನ್ನ ಇಡ್ಕಳಿ. ಅವ್ವನ ಮನೆ ನೋಡಾಕ್ ಬಂದೋರು ಏನ್ ಮಾಡುದ್ರು?"

"ಅವ್ವನ ಮನೆಗೆ ಬಂದೋರು ಅಂತ ಅಣೆ ಮ್ಯಾಲೆ ಬರ್ಕಂಡಿರ್ತಾರೇನ್ಲಾ?"

ಜೈನಬಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕಿಟಕಿಯ ಕಡೆ ಅವಳ ಪಕ್ಕದಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಅವಳು ಯಾರ ಕಡೆಗೂ ನೋಡದೆ, "ನನ್ ಮಗ ಗಡೀಲವ್ನೆ. ಕಾಗ್ದ ಬಂದು ತಿಂಗ್ಳಾಯ್ತು. ನೀವು ಇಲ್ಲಿ ಕುಂತ್ಕಂಡು ನಗಾಡ್ತೀರಿ" ಎಂದಳು. ಮಾದಪ್ಪನವರು ಪೇಪರು ಬಿಡಿಸಿ ಹಿಡಿದುಕೊಂಡರು, ದರ್ಜಿ ಮುಂದಕ್ಕೆ ತಿರುಗಿ ಕೂತ.

ಮಾಂಬಳ್ಳಿ ದಾಟಿದ ಮೇಲೆ ಆ ಹೆಂಗಸು ಸುಮ್ಮನೆ ಮಾತಿಗೆಂದು ಜೈನಬಕ್ಕನನ್ನು ಕೇಳಿದಳು: "ನಿಮ್ದ್ಯಾವೂರವ್ವ? ಎಲ್ಲಿಗ್ ಓಯ್ತೀರಿ?"

ಮಾತಾಡಬೇಡ ಎಂದು ನಾನು ಮೊದಲೇ ಹೇಳಿದ್ದೆ. ಆದರೆ ಮಗನ ಕಾಗದ ಬಾರದ ತಾಯಿ ಕೇಳಿದಾಗ ಬಾಯಿ ಬಿಗಿದು ಕೂರುವುದು ಅವಳಿಂದ ಆಗಲಿಲ್ಲ. "ಕೊಳ್ಳೇಗಾಲ್ದೋಳೇ ಕನವ್ವ. ಕೊಯಮತ್ತೂರ್ಗೆ ಓಯ್ತಾ ಇವ್ನಿ. ನಮ್ ಜಿಲ್ಲಾ ಕಚೇರಿ ಅಲ್ವಾ ಅದು?" ಎಂದಳು. ಅವಳ ಕನ್ನಡ ನಮ್ಮೆಲ್ಲರಿಗಿಂತ ಅಚ್ಚುಕಟ್ಟಾಗಿ ನಮ್ಮೂರಿನದಾಗಿತ್ತು. ಅವಳ ಜಿಲ್ಲೆ ಮಾತ್ರ ಹಳೆಯದು.

ದರ್ಜಿ ಜೋರಾಗಿ ನಕ್ಕುಬಿಟ್ಟ. "ಎಲ್ಲಿದ್ದೆವ್ವಾ ಇಷ್ಟ್ ದಿನ? ನಾವು ಮೈಸೂರ್ಗೆ ಸೇರಿ ಒಂಬತ್ ವರ್ಸ ಆಯ್ತು!"

ಮಾದಪ್ಪನವರು ನಗಲಿಲ್ಲ. ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹಿಂದಿನ ಸೀಟಿನ ಪಂಚೆ ನೋಡಿದರು, ಪಂಚೆಯ ಕೆಳಗಿನ ಬೂಟು ನೋಡಿದರು. "ಯಾವ ಸ್ಟೇಷನ್ನು ಸಾ ನಿಮ್ದು?" ಎಂದು ಮೆಲ್ಲಗೆ ಕೇಳಿದರು.

ಸಿದ್ದಯ್ಯ ಗಲಿಬಿಲಿಗೊಂಡು ಎದ್ದು ನಿಂತರು. "ಈಯಮ್ಮ ಸರ್ಕಾರದ ಜವಾಬ್ದಾರಿ. ಯಾರೂ ಬಾಯಾಕ್ಬಾರ್ದು."

ಅಷ್ಟು ಸಾಕಾಯಿತು. ಹಿಂದಿನ ಸೀಟುಗಳಲ್ಲಿ ಗುಸುಗುಸು ಎದ್ದಿತು. ಎಲೆ ಬುಟ್ಟಿಯ ಹೆಂಗಸು ತನ್ನ ಸೀರೆಯನ್ನು ಜೈನಬಕ್ಕನ ಕಡೆಯಿಂದ ಎಳೆದುಕೊಂಡು, ಬುಟ್ಟಿಯನ್ನು ಎತ್ತಿ ನಡುವೆ ಇಟ್ಟಳು. ಎಲ್ಲರೂ ಸೇರಿ ನಮ್ಮ ಮೇಲೆ ಬಿದ್ದರೆ ಎಂದು ಹೆದರಿ, ಬಾಗಿಲು ಎಷ್ಟು ದೂರವಿದೆಯೆಂದು ನಾನು ಲೆಕ್ಕ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಲೆಕ್ಕ ಹಾಕಿದ್ದು ನನ್ನೊಬ್ಬನಿಗೆ.

ಯಳಂದೂರಿನಲ್ಲಿ ಬಸ್ಸಿಗೆ ಹತ್ತು ನಿಮಿಷ ನಿಲುಗಡೆ. ತಾಯಿಯ ಮನೆ ಸ್ಟ್ಯಾಂಡಿನಿಂದ ಎರಡು ಬೀದಿ ಆಚೆ. ಜೈನಬಕ್ಕ ಹಿಂದಕ್ಕೆ ತಿರುಗಿ ಕೈ ಮುಗಿದಳು.

"ಚೀಟೀಲಿ ಯಳಂದೂರಿಲ್ಲ ಕಣಮ್ಮ" ಎಂದರು ಸಿದ್ದಯ್ಯ, ಅವಳ ಮುಖ ನೋಡದೆ. "ನೀನು ಕೆಳೀಕ್ ಕಾಲಿಟ್ರೆ ನನ್ ಪಿಂಚಣಿ ಓಯ್ತದೆ."

"ಅವ್ಳು ಇಳಿಯಾದು ಬ್ಯಾಡ, ಅವ್ರಮ್ಮನ್ನೇ ಎತ್ಕಂಡ್ ಬತ್ತೀನಿ" ಎಂದೆ.

"ಬಸ್ಸು ನಿಲ್ಸಾದು ನನ್ ಕೈಲಿಲ್ಲ. ಓಡು."

ಓಡಿದೆ. ಜೈನಬಕ್ಕನ ಅಮ್ಮ ಒಬ್ಬಳೇ ಹಜಾರದ ಚಾಪೆಯ ಮೇಲೆ ಒರಗಿ ಕೂತಿದ್ದಳು. ಮಂಡಿ ಬೀಳುವವರೆಗೆ ಅವಳು ಬಳೆಯ ಮಲಾರ ಹೊತ್ತು ಸುತ್ತಿದವಳು. ಯಳಂದೂರಿನ ಹೆಂಗಸರು ಅವಳನ್ನು ಬಳೆಯಮ್ಮ ಎಂದೇ ಕರೆಯುತ್ತಿದ್ದರು. ವಿಷಯ ಹೇಳಿ ಎತ್ತಿಕೊಳ್ಳಲು ಬಗ್ಗಿದೆ. ಅವಳು ನನ್ನ ಕೈ ತಳ್ಳಿದಳು. "ತಾಳು, ಆ ಪೆಟ್ಟಿಗೆ ತೆಗಿ. ತವರಿಂದ ಮಗ್ಳು ಬರಿಗೈಲಿ ಓಗ್ಬಾರ್ದು." ಬೀಗದ ಕೈ ಹುಡುಕಿ ಪೆಟ್ಟಿಗೆ ತೆಗೆಯುವುದರಲ್ಲಿ ಎರಡು ನಿಮಿಷ ಹೋಯಿತು. ಆರಾರು ಹಸಿರು ಬಳೆಯ ಎರಡು ಕಟ್ಟು ಮಡಿಲಿಗೆ ಹಾಕಿಕೊಂಡ ಮೇಲೆಯೇ ಅವಳು ನನ್ನ ಕೊರಳಿಗೆ ತೋಳು ಹಾಕಿದ್ದು. ಒಣಗಿದ ಹಿಪ್ಪುನೇರಳೆ ಕಡ್ಡಿಯ ಹೊರೆಯಷ್ಟೂ ತೂಕವಿರಲಿಲ್ಲ.

ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸಿನ ಸುತ್ತ ಮೂವತ್ತು ನಲವತ್ತು ಜನ ಸೇರಿದ್ದರು. ಇಳಿದು ಹೋದವರು ಸುದ್ದಿ ಹೇಳಿದ್ದರು. "ಗೂಢಚಾರಿಣಿಯಂತೆ, ಇಡ್ಕಂಡ್ ಓಯ್ತಾವ್ರಂತೆ" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಒಬ್ಬ ಕೋಲಿನಿಂದ ಬಸ್ಸಿನ ತಗಡಿಗೆ ಬಡಿಯುತ್ತಿದ್ದ. ನನ್ನ ಕಾಲು ನಿಂತುಬಿಟ್ಟಿತು. ತೋಳಿನಲ್ಲಿದ್ದ ಮುದುಕಿ ನನ್ನ ಹೆಗಲು ತಟ್ಟಿ, "ನಡಿಯಪ್ಪ" ಎಂದಳು.

"ಬಳೆಯಮ್ಮ ಕಣ್ರೋ" ಎಂದು ಯಾವಳೋ ಕೂಗಿದಳು. ಜನ ಸ್ವಲ್ಪ ಸರಿದರು. ಬಸ್ಸಿನೊಳಗೆ ಎಲೆ ಬುಟ್ಟಿಯ ಹೆಂಗಸು, ಜೈನಬಕ್ಕನ ಕಡೆ ನೋಡದೆಯೇ, ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಕಿಟಕಿಯ ಜಾಗ ಬಿಟ್ಟಳು.

ಕಿಟಕಿಯಿಂದ ಎಡಗೈ ಹೊರಗೆ ಬಂತು. ಅಮ್ಮ ಮೊದಲು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಟುಗಳನ್ನು ಒತ್ತಿ ಒತ್ತಿ ನೋಡಿದಳು. ಅವರಿಬ್ಬರೂ ತಮ್ಮ ಮನೆಮಾತಿನಲ್ಲಿ ಆಡಿಕೊಂಡರು. ಕೈ ಒರಟಾಗಿದೆ ಎಂದಳೆಂದು ಮಾತ್ರ ನನಗೆ ತಿಳಿಯಿತು. ಒಂದು, ಎರಡು, ಮೂರು. ನನ್ನ ತೋಳಿನಲ್ಲೇ ಕೂತು ಅಮ್ಮ ಬಳೆಗಳನ್ನು ಒಂದೊಂದಾಗಿ ಏರಿಸಿದಳು.

ಬಸ್ಸಿನಿಂದ ಇಳಿದು ನಿಂತಿದ್ದ ಮಾದಪ್ಪನವರು ಜನರ ನಡುವಿನಿಂದ ಕೇಳಿದರು: "ಬಳೆ ಇಡ್ಸ್ಕಳಾಕೆ ವೀಸಾ ಕೊಟ್ಟಿದ್ರಾ?"

"ಸುಮ್ಕಿರಿ ಯಜಮಾನ್ರೆ, ಈ ಊರ್ನಲ್ಲಿ ಆಯಮ್ಮ ಬಸ್ರಿ ಬಳೆ ಇಡ್ದೇ ಇರೋ ಮನೆ ಯಾವ್ದು?" ಎಂದ ದರ್ಜಿ ಒಳಗಿನಿಂದ.

"ಇಟ್ಟವ್ಳೆ ಕಣ್ಲಾ, ಇಲ್ಲ ಅಂದ್ನಾ? ಅದ್ಕೂ ಇದ್ಕೂ ಏನು? ನಾಳೆ ಎಲ್ರೂ ಅವ್ವನ್ನ ತೋರ್ಸಿ ಒಳೀಕ್ ಬತ್ತಾರೆ."

ಎಡಗೈಗೆ ಆರೂ ಬಳೆ ಏರಿದವು. ಜೈನಬಕ್ಕ ಅದನ್ನು ಒಳಗೆಳೆದುಕೊಂಡು ಬಲಗೈ ಚಾಚಿದಳು. ಅದೇ ಹೊತ್ತಿಗೆ ಹಿಂದಿನಿಂದ ಮಣ್ಣಿನ ಹೆಂಟೆಯೊಂದು ಬಂದು ಬಸ್ಸಿನ ಬೆನ್ನಿಗೆ ಬಡಿಯಿತು. ಮುಂದಿನದು ಕಲ್ಲಾದರೆ ಗಾಜು ಹೋಗುತ್ತದೆಂದು ಡ್ರೈವರ್ ಹೆದರಿದ. ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ, ಆದರೂ ಬಸ್ಸು ಹೊರಟಿತು.

ಬಲಗೈಯ ಬೆರಳ ಗಂಟಿನವರೆಗೆ ಏರಿದ್ದ ಮೊದಲ ಬಳೆ ಚೂರಾಯಿತು. ಅಮ್ಮನನ್ನು ತೋಳಿನಲ್ಲಿ ಹಿಡಿದುಕೊಂಡೇ ನಾನು ನಾಲ್ಕು ಹೆಜ್ಜೆ ಓಡಿದೆ. ಬರಿಗೈ ಕಿಟಕಿಯಿಂದ ಹೊರಗೇ ಇತ್ತು. ಸಿದ್ದಯ್ಯ ಮುಂದೆ ಬಂದು ಅದನ್ನು ಮೆಲ್ಲಗೆ ಒಳಕ್ಕೆ ತೆಗೆದುಕೊಂಡದ್ದು ಕಂಡಿತು. ಆಮೇಲೆ ಸಂತೇಮರಹಳ್ಳಿ ದಾರಿಯ ತಿರುವು ಬಂತು.

ಅಮ್ಮನನ್ನು ಮನೆಗೆ ಮುಟ್ಟಿಸಿ, ಮಧ್ಯಾಹ್ನದ ಬಸ್ಸಿಗೆ ಕೊಳ್ಳೇಗಾಲಕ್ಕೆ ಮರಳಿದೆ. ದಾರಿಯುದ್ದಕ್ಕೂ ಯಾರಾದರೂ ಗುರುತು ಹಿಡಿದಾರೆಂದು ಟವಲನ್ನು ತಲೆಗೆ ಸುತ್ತಿಕೊಂಡು ಕೂತಿದ್ದೆ. ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲಿನ ಮುಂದೆ ಖಾದರ್ ನಿಂತಿದ್ದ.

"ಇಷ್ಟ್ ಬೇಗ ಬಂದ್ಬುಟ್ಯಲ್ಲ ಶಿವಣ್ಣ?"

"ಯಳಂದೂರಲ್ಲೇ ಬಸ್ಸು ನನ್ನ ಬುಟ್ಬುಟ್ಟು ಓಯ್ತು."

ಅವನು ಬಯ್ಯಲಿಲ್ಲ. "ಅಮ್ಮ ಕಂಡ್ಲಾ?"

"ಕಂಡ್ಲು. ಎಡಗೈಗೆ ಬಳೆ ಇಟ್ಳು."

"ಬಲಗೈಗೆ?"

ಹೋಟೆಲಿನೊಳಗೆ ರೇಡಿಯೋ ಸುತ್ತ ನಿಂತಿದ್ದವರಲ್ಲಿ ಇಬ್ಬರು ನಮ್ಮ ಕಡೆ ತಿರುಗಿ ನೋಡುತ್ತಿದ್ದರು.

"ನಡಿ, ಮನೇಲಿ ಯೋಳ್ತೀನಿ" ಎಂದೆ.